ಗಾಡೀಲಿ ಸರಿ ಬರೋ ಲೆಕ್ಕ ನೋಟ್‌ಬುಕ್ಕಲ್ಲಿ ಯಾಕೆ ತಪ್ಪಾಗುತ್ತೆ

ನಮ್ಮ ಬೀದಿ ಕೊನೇಲಿ ತರಕಾರಿ ಗಾಡಿ ಇಟ್ಕೊಂಡಿರೋರ ಮಗಳು ಏಳನೇ ಕ್ಲಾಸು, ಸಂಜೆ ವ್ಯಾಪಾರಕ್ಕೆ ಅವಳೇ ನಿಲ್ತಾಳೆ. ಮೊನ್ನೆ ಮುಕ್ಕಾಲು ಕೆಜಿ ಬೀನ್ಸು, ಒಂದೂವರೆ ಕೆಜಿ ಟೊಮೆಟೊ, ಒಂದು ಕಟ್ಟು ಕೊತ್ತಂಬರಿ ತಗೊಂಡೆ, ಚೀಲಕ್ಕೆ ಸುರಿಯೋ ಮುಂಚೆನೇ ನೂರಾ ಹದಿನೈದು ಅಕ್ಕಾ ಅಂದ್ಲು, ಇನ್ನೂರರ ನೋಟಿಗೆ ಎಂಬತ್ತೈದು ಚಿಲ್ಲರೆ ಕೈಗಿಟ್ಲು.

ಭಾನುವಾರ ಹೋಮ್‌ವರ್ಕ್ ತಗೊಂಡು ಮನೆಗೆ ಬಂದಾಗ 200ರಲ್ಲಿ 115 ಕಳಿ ಅಂತ ಬರ್ದುಕೊಟ್ಟೆ. ಉತ್ತರ 115 ಅಂತ ಬರೆದ್ಲು! ಸೊನ್ನೇಲಿ ಐದು ಹೋಗಲ್ಲ ಅಂತ ಐದರಲ್ಲಿ ಸೊನ್ನೆ ಕಳ್ದಿದಾಳೆ, ಪಕ್ಕದ ಮನೆಯಿಂದ ಸಾಲ ತಗೊಳ್ಳೋದು ಮರ್ತೇ ಹೋಗಿದೆ.

ಇದೇ ಕಥೆ ಬ್ರೆಜಿಲ್‌ನ ರೆಸಿಫೆ ಊರಲ್ಲೂ ನಡೆದಿದೆ. ಅಲ್ಲಿನ ಸಂಶೋಧಕರು ಬೀದೀಲಿ ಮಾರೋ ಐದು ಮಕ್ಕಳ ಹತ್ರ ಗಿರಾಕಿ ಥರ ಹೋಗಿ ಲೆಕ್ಕ ಕೇಳಿದ್ರು, 98% ಸರಿ, ಆಮೇಲೆ ಅದೇ ಥರದ ಲೆಕ್ಕಾನ ಬರೀ ಅಂಕಿಯಾಗಿ ಕೊಟ್ರೆ 37% ಮಾತ್ರ (1985ರಲ್ಲಿ ಪ್ರಕಟ ಆಗಿದ್ದು). ಒಂದು ತೆಂಗಿನಕಾಯಿ 35, ನಾಲ್ಕಕ್ಕೆ ಎಷ್ಟು ಅಂದ್ರೆ ಹನ್ನೆರಡು ವರ್ಷದ ಹುಡುಗ, ಮೂರಕ್ಕೆ 105, ಇನ್ನೊಂದು ಸೇರಿದ್ರೆ 140 ಅಂದ. ಪೇಪರಲ್ಲಿ 35×4 ಕೊಟ್ರೆ ನಾಲ್ಕೈದ್ಲಿ ಇಪ್ಪತ್ತು, ದಶಕ ಎರಡು, ಆ ಎರಡನ್ನ ಮೊದಲೇ ಮೂರಕ್ಕೆ ಕೂಡಿಸಿಬಿಟ್ಟ, ಬಂದ ಐದನ್ನ ನಾಲ್ಕರಿಂದ ಗುಣಿಸಿ ಇಪ್ಪತ್ತು, ಪಕ್ಕಕ್ಕೆ ಸೊನ್ನೆ ಇಟ್ಟು 200 ಅಂತ ಬರೆದ.

ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಎಲ್ಲಾ ಸೇರಿ ಕೋಲ್ಕತ್ತಾ, ದೆಹಲಿ ಮಾರ್ಕೆಟ್‌ಗಳಲ್ಲಿ ದೊಡ್ಡ ಮಟ್ಟದಲ್ಲಿ ನೋಡಿದಾಗಲೂ ಹೀಗೇ (2025ರಲ್ಲಿ ಪ್ರಕಟ ಆಗಿದ್ದು). ಅದರಲ್ಲಿ ನಂಗೆ ಮನಸ್ಸಿಗೆ ನಾಟಿದ್ದು ಏನಂದ್ರೆ, ಸ್ಕೂಲ್ ಲೆಕ್ಕ ಚೆನ್ನಾಗಿ ಮಾಡೋ ಮಕ್ಕಳು ಮಾರ್ಕೆಟ್ ಲೆಕ್ಕದಲ್ಲಿ ತಡವರಿಸಿದ್ರು. ಅಂದ್ರೆ ಒಂದ್ ಕಡೆ ಕಲ್ತಿದ್ದು ತಾನಾಗೇ ನಡ್ಕೊಂಡು ಇನ್ನೊಂದ್ ಕಡೆ ಹೋಗಲ್ಲ, ಯಾರಾದ್ರೂ ಕೈ ಹಿಡ್ದು ದಾಟಿಸಬೇಕು. ಇಂಥಾ ಮಕ್ಕಳನ್ನ ಲೆಕ್ಕದಲ್ಲಿ ದಡ್ಡರು ಅಂತ ಹೇಳೋದು ಕೇಳಿದ್ರೆ ನಂಗೆ ನಿಜವಾಗ್ಲೂ ಸಂಕಟ ಆಗುತ್ತೆ.

ಆ ಭಾನುವಾರ ನಮ್ಮ ಬೀದಿ ಹುಡುಗಿಗೆ, ಗಾಡೀಲಿ ಹೇಗ್ ಮಾಡ್ದೆ ಹೇಳು ಅಂದೆ. "ನೂರಾ ಹದಿನೈದಕ್ಕೆ ಐದು ಹಾಕಿದ್ರೆ ನೂರಿಪ್ಪತ್ತು, ಅಲ್ಲಿಂದ ಇನ್ನೂರಕ್ಕೆ ಎಂಬತ್ತು." ಒಂದು ಗೆರೆ ಎಳೆದು ಅದ್ರ ಮೇಲೆ 115, 120, 200 ಗುರುತು ಹಾಕಿಸಿದೆ. ಸ್ವಲ್ಪ ಹೊತ್ತು ಅದನ್ನೇ ನೋಡ್ತಾ ಕೂತಿದ್ಲು, ಆಮೇಲೆ ತಾನೇ 1000ದಲ್ಲಿ 368 ಅಂತ ಬರ್ಕೊಂಡು ಗೆರೆ ಎಳೆದ್ಲು, ಎರಡು, ಮೂವತ್ತು, ಆರ್ನೂರು, 632.

"ಸ್ಕೂಲಲ್ಲೂ ಹೀಗೇ ಬರೀಬಹುದಾ ಅಕ್ಕಾ?" ಅಂತ ಕೇಳಿದ್ಲು.