ಸೀಸದ ಗುಂಡು, ಪಿವಿಸಿ ಪೈಪು ಹಿಡಿದು ಸೇಂಟ್ ಮೇರೀಸ್ ದ್ವೀಪಕ್ಕೆ

ಉಡುಪಿಯ ಮಲ್ಪೆ ಬಳಿಯ ಈ ದ್ವೀಪದಲ್ಲಿ, ಸುತ್ತಲೂ ಕಾಣುವ 360 ಡಿಗ್ರಿ ಚಿತ್ರವನ್ನು ಕಲ್ಲಿನ ಮೇಲೂ ಗುಂಡಿಯ ನೀರೊಳಗೂ ತೆಗೆಯುವ ಆಸೆ ನನಗೆ. ಮೊದಲ ಸಲ ಹೋದಾಗ ಉಬ್ಬರ ಇಳಿತದ ಹೊತ್ತು ನೋಡಿರಲಿಲ್ಲ. ದ್ವೀಪ ಮುಟ್ಟುವಾಗ ನೀರು ಏರಿತ್ತು. ನನಗೆ ಬೇಕಿದ್ದ ಕಲ್ಲಿನ ಗುಂಡಿಗಳೆಲ್ಲ ಅಲೆಯಡಿ ಹೋಗಿದ್ದವು. ವಾಪಸ್ ಬರುವಾಗ ಬೋಟಿನವರು ಹೇಳಿದರು: "ನೀರು ಇಳಿಯುವಾಗ ಬರ್ಬೇಕು ಮಾರಾಯ್ರೆ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸಿನಲ್ಲಿ ಬನ್ನಿ, ಆಗ ಜಾಸ್ತಿ ಇಳಿಯುತ್ತದೆ." ಎರಡನೇ ಸಲ ಹಾಗೇ ಮಾಡಿದೆ.

ನೀವೂ ಇಳಿತದ ಹೊತ್ತು ನೋಡಿಯೇ ದಿನ ಆರಿಸಿ. ಅದು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಮಳೆಗಾಲದಲ್ಲಿ ಬೋಟ್ ಇರುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ನೀರು ತಿಳಿಯಾಗಿರುತ್ತದೆ.

ಒಂದೇ ಸಲಕ್ಕೆ ಸುತ್ತಲೂ ತೆಗೆಯುವ ಹೊಸ 360 ಕ್ಯಾಮೆರಾಕ್ಕೆ ಹತ್ತಾರು ಸಾವಿರ ಬೇಕು. ನನ್ನ ಬಳಿ ಇದ್ದದ್ದು ಫೋನ್, ಹಳೆಯ ಆಕ್ಷನ್ ಕ್ಯಾಮೆರಾ, ಒಂದು ಪಿವಿಸಿ ಪೈಪು, ಮಲ್ಪೆಯಲ್ಲಿ ಕೊಂಡ ಬಲೆಯ ಸೀಸದ ಗುಂಡು. ಇವುಗಳಿಂದ ಸುತ್ತಲೂ ಬಿಡಿ ಫೋಟೋ ತೆಗೆದು ಆಮೇಲೆ ಒಂದಾಗಿ ಕೂಡಿಸಬೇಕು. ಅವು ಸರಿಯಾಗಿ ಕೂಡಬೇಕಾದರೆ ಲೆನ್ಸ್ ಇದ್ದಲ್ಲೇ ತಿರುಗಬೇಕು, ಜಾಗ ಬಿಟ್ಟು ಕದಲಬಾರದು. ಒಂದು ಕಣ್ಣು ಮುಚ್ಚಿ ಹೆಬ್ಬೆರಳು ನೋಡಿ, ಆಮೇಲೆ ಇನ್ನೊಂದು ಕಣ್ಣಲ್ಲಿ ನೋಡಿ. ಬೆರಳು ಹಾರಿದ ಹಾಗೆ ಕಾಣುತ್ತದೆ ಅಲ್ವಾ? ಲೆನ್ಸ್ ಕದಲಿದರೆ ಹತ್ತಿರದ ಕಲ್ಲೂ ಹಾಗೇ ಹಾರುತ್ತದೆ. ಅದಕ್ಕೆ ಲೆನ್ಸ್ ಪಕ್ಕದಿಂದ ದಾರ ಇಳಿಬಿಟ್ಟು ತುದಿಗೆ ಸೀಸ ಕಟ್ಟಿದೆ, ಮೇಸ್ತ್ರಿಗಳ ತೂಗುಗುಂಡಿನ ಹಾಗೆ. ನೆಲದಲ್ಲಿ ಒಂದು ಚಿಪ್ಪು ಇಟ್ಟು, ಗುಂಡು ಸದಾ ಅದರ ಮೇಲೇ ಇರುವಂತೆ ಫೋನಿನ ಸುತ್ತ ನಡೆದೆ. ಗಾಳಿ ಜೋರಿರುತ್ತದೆ, ಗುಂಡು ಭಾರದ್ದೇ ಇರಲಿ.

ಫೋನಿನ ಅಲ್ಟ್ರಾವೈಡ್ (ಅಗಲಕ್ಕೆ ನೋಡುವ) ಲೆನ್ಸಿನಲ್ಲಿ, ಫೋನ್ ನೆಟ್ಟಗೆ ಹಿಡಿದು ಸುತ್ತ ತಿರುಗುತ್ತಾ ನೇರಕ್ಕೆ 8 ಫೋಟೋ, ಮೇಲಕ್ಕೆ ಓರೆಯಾಗಿ 8, ಕೆಳಕ್ಕೆ 8, ತಲೆಯ ಮೇಲೆ ಒಂದು. ಬೆಳಕು, ಫೋಕಸ್, ಬಣ್ಣ ಮೂರನ್ನೂ ಮೊದಲೇ ಲಾಕ್ ಮಾಡಿ. ಇಲ್ಲದಿದ್ದರೆ ಸಮುದ್ರದ ಕಡೆ ಕಪ್ಪು, ತೆಂಗಿನ ಕಡೆ ಬಿಳಿ ಆಗುತ್ತದೆ. ನನಗೆ ಹಾಗೇ ಆಗಿ ಒಂದು ಇಡೀ ಸುತ್ತು ಹಾಳಾಯಿತು. ಒಂದು ಮಾತು ಗಂಭೀರವಾಗಿ ಹೇಳುತ್ತೇನೆ. ಪರದೆ ನೋಡುತ್ತಾ ಹಿಂದೆ ಹೆಜ್ಜೆ ಇಡಬೇಡಿ. ಪಾಚಿ ಕಟ್ಟಿದ ಕಲ್ಲು ಜಾರುತ್ತದೆ, ಆಚೆ ಬದಿಯ ಅಲೆ ಕ್ಷಮಿಸುವುದಿಲ್ಲ. ಹೋಗಬೇಡಿ ಎಂದ ಜಾಗಕ್ಕೆ ಹೋಗಬೇಡಿ.

ಚಿತ್ರ ಕೂಡಿಸಲು ಹ್ಯೂಗಿನ್ ಎಂಬ ಸಾಫ್ಟ್‌ವೇರ್ ಸಾಕು, ಉಚಿತ. ಎರಡು ಫೋಟೋಗಳಲ್ಲಿ ಒಂದೇ ಜಾಗ ಎಲ್ಲಿದೆ ಎಂದು ಅದು ಗುರುತು ಹಾಕಿ ಜೋಡಿಸುತ್ತದೆ. ಆದರೆ ಈ ದ್ವೀಪದಲ್ಲಿ ಅದಕ್ಕೂ ತೊಂದರೆ. ಸುಮಾರು 8.8 ಕೋಟಿ ವರ್ಷ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುವ ಕಾಲದಲ್ಲಿ, ಲಾವಾ ತಣ್ಣಗಾಗಿ ಬಿರಿದು ಆದ ಕಂಬಗಳಿವು. ಎಲ್ಲ ಒಂದೇ ತರಹ. ಸಾಫ್ಟ್‌ವೇರ್ ಒಂದು ಕಂಬವನ್ನು ಪಕ್ಕದ್ದು ಎಂದುಕೊಳ್ಳುತ್ತದೆ. ಅಲೆಯ ಮೇಲೆ ಅದು ಹಾಕಿದ ಗುರುತುಗಳನ್ನು ಅಳಿಸಿ, ಕಲ್ಲಿನ ಬಿರುಕು, ಅಂಟಿಕೊಂಡ ಚಿಪ್ಪು ನೋಡಿ ಕೈಯಲ್ಲೇ ಗುರುತು ಹಾಕಿ. ನನಗೆ ಎರಡು ಸಂಜೆ ಹಿಡಿಯಿತು. ಆ ಕೆಲಸದಲ್ಲೇ ಕಂಬಗಳನ್ನು ಒಂದೊಂದಾಗಿ ನೋಡಿದೆ. ಕೆಲವಕ್ಕೆ ಐದು ಮುಖ, ಕೆಲವಕ್ಕೆ ಆರು.

ಇನ್ನು ನೀರೊಳಗಿನ ಫೋಟೋ. ಮಲ್ಪೆ ದಡದ ನೀರು ಮಣ್ಣು ಮರಳಿನಿಂದ ಮಬ್ಬು, ಅಲ್ಲಿ ಸುಮ್ನೆ ಸಮಯ ಹಾಳು. ದ್ವೀಪದ ಒಳಬದಿಯಲ್ಲಿ ಇಳಿತದಲ್ಲಿ ಉಳಿಯುವ ಗುಂಡಿಗಳೇ ಒಳ್ಳೆಯವು. ಪೈಪಿನ ಮೇಲೆ ಸುತ್ತಲೂ 8 ಗೆರೆ ಹಾಕಿ, ತುದಿಗೆ ಕ್ಯಾಮೆರಾ ಕಟ್ಟಿ, ಲೆನ್ಸ್ ಪೈಪಿನ ನೇರಕ್ಕೇ ಇರುವಂತೆ ನೋಡಿಕೊಂಡು ಇಳಿಸಿದೆ. ಒಂದೊಂದು ಗೆರೆಗೆ ಒಂದೊಂದು ಫೋಟೋ. ಇಷ್ಟು ಫೋಟೋ ಬೇಕಾಗಲು ಕಾರಣ ಇದೆ. ಚಪ್ಪಟೆ ಗಾಜಿನ ಆಚೆ ನೀರಿದ್ದರೆ ಬೆಳಕು ಬಾಗುತ್ತದೆ. ಹೊರಗೆ 90 ಡಿಗ್ರಿ ನೋಡುವ ಲೆನ್ಸ್ ನೀರೊಳಗೆ ಸುಮಾರು 64 ಡಿಗ್ರಿ ಮಾತ್ರ ನೋಡುತ್ತದೆ. ಹ್ಯೂಗಿನ್‌ನಲ್ಲೂ ಲೆನ್ಸಿನ ಕೋನ ಬದಲಿಸಬೇಕು. ಎರಡು ಲೆನ್ಸಿನ 360 ಕ್ಯಾಮೆರಾ ಇದ್ದವರೂ ಗುಂಡನೆಯ ಗಾಜಿನ ಡೈವ್ ಕೇಸ್ ಇಲ್ಲದೆ ಮುಳುಗಿಸಿದರೆ ನಡುವೆ ಸೀಳು ಬೀಳುತ್ತದೆ.

ಮೇಲೆ ನೋಡುವ ಫೋಟೋಕ್ಕೆ ಕ್ಯಾಮೆರಾವನ್ನು ತಳದಲ್ಲಿ ಮಲಗಿಸಿ, ಮರಳು ಕೂರುವವರೆಗೆ ಕಾಯಿರಿ. ಆಗ ತಲೆಯ ಮೇಲಿನ ಆಕಾಶ ನೀರಿನ ಮೂಲಕ ಕಾಣುತ್ತದೆ. ಫೋಟೋದ ಅಂಚಿನಲ್ಲಿ ಕಂಬಗಳು ಇಣುಕುತ್ತವೆ. ಅದನ್ನು ನೋಡಿದಾಗ ಮೊದಲ ಸಲದ ಬೇಸರವೆಲ್ಲ ಹೋಯಿತು. ಗುಂಡಿಯಲ್ಲಿದ್ದ ಸಣ್ಣ ಮೀನು ಎರಡು ಫೋಟೋಗಳಲ್ಲಿ ಎರಡು ಕಡೆ ಬಂದಿತ್ತು, ಒಂದನ್ನು ಅಳಿಸಿದೆ. ಗುಂಡಿಯ ಕಲ್ಲು ಕದಲಿಸಬೇಡಿ, ಅದರಡಿ ಜೀವಗಳಿರುತ್ತವೆ.

ಸಿಹಿನೀರನ್ನು ಸ್ಟೀಲ್ ಬಾಟಲಿಯಲ್ಲಿ ಜಾಸ್ತಿಯೇ ಒಯ್ಯಿರಿ. ಕುಡಿದು ಉಳಿದದ್ದರಲ್ಲಿ ಅಲ್ಲೇ ಕ್ಯಾಮೆರಾ ಕೇಸನ್ನು ತೊಳೆಯಿರಿ. ಉಪ್ಪು ಒಣಗಿದ ಮೇಲೆ ಕೇಸಿನ ಬಟನ್‌ಗಳು ಬಿಗಿಯುತ್ತವೆ. ವಾಪಸ್ ಬೋಟ್ ಎಷ್ಟು ಗಂಟೆಗೆ ಎಂದು ಇಳಿಯುವಾಗಲೇ ಕೇಳಿಕೊಳ್ಳಿ.