ಇಮ್ರಾನ್ ಆಸ್ಪತ್ರೆ ಕಟ್ಟಿಸಿ ಸುಮ್ಮನಿರಬೇಕಿತ್ತೇ?

ಕ್ರಿಕೆಟ್ ಬಗ್ಗೆ ಬರೆಯುತ್ತೇನೆಂದು ಗೊತ್ತಾದವರೆಲ್ಲ ನನ್ನನ್ನು ಕೇಳುವುದು ಇದನ್ನೇ: ‘ಇಮ್ರಾನ್ ಖಾನ್ ಆಟ ಆಡಿ, ಆಸ್ಪತ್ರೆ ಕಟ್ಟಿಸಿ ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿರ್ತಿತ್ತಲ್ವಾ ಸಾರ್? ರಾಜಕೀಯ ಯಾಕೆ ಬೇಕಿತ್ತು?’

ನನಗೆ ಹಾಗನ್ನಿಸುವುದಿಲ್ಲ. ಅವರನ್ನು ರಾಜಕೀಯಕ್ಕೆ ಎಳೆದದ್ದೇ ಆ ಆಸ್ಪತ್ರೆ ಎಂದು ನಾನು ನಂಬಿದ್ದೇನೆ.

1985ರಲ್ಲಿ ಅವರ ತಾಯಿ ಶೌಕತ್ ಖಾನುಂ ಕ್ಯಾನ್ಸರ್‌ನಿಂದ ತೀರಿಕೊಂಡರು. ಉಳ್ಳವರ ಮನೆ, ಖರ್ಚು ಮಾಡುವ ಶಕ್ತಿಯಿತ್ತು. ಇಲ್ಲದವರ ಗತಿಯೇನು ಎಂಬ ಯೋಚನೆ ಮಗನನ್ನು ಬಿಡಲಿಲ್ಲ. ಬಡವರಿಗೆ ಪುಕ್ಕಟೆ ಕ್ಯಾನ್ಸರ್ ಚಿಕಿತ್ಸೆ ಆಗದ ಮಾತು ಎಂದು ವೈದ್ಯರೇ ಹೇಳಿದ್ದರಂತೆ. 1992ರ ಮಾರ್ಚ್ 25ರಂದು ಮೆಲ್ಬರ್ನ್‌ನಲ್ಲಿ ಇಂಗ್ಲೆಂಡನ್ನು 22 ರನ್‌ಗಳಿಂದ ಸೋಲಿಸಿ ವಿಶ್ವಕಪ್ ಹಿಡಿದು ನಿಂತಾಗಲೂ ಅವರ ಬಾಯಿಂದ ಬಂದದ್ದು ಆಸ್ಪತ್ರೆಯ ಮಾತೇ. ಜೊತೆಗಾರರನ್ನು ಮರೆತರೆಂದು ಜನ ಬೈದರು. ಬೈದದ್ದು ತಪ್ಪಲ್ಲ. ಆದರೆ 39ರ ವಯಸ್ಸಿನಲ್ಲಿ, ನೋಯುವ ಭುಜ ಇಟ್ಟುಕೊಂಡು ಅವರು ಆಡಿದ್ದು ಯಾತಕ್ಕೆಂಬುದು ಆ ಭಾಷಣದಲ್ಲಿತ್ತು. ಶಾಲಾ ಮಕ್ಕಳೂ ದೇಣಿಗೆ ಎತ್ತಿದರು. 1994ರ ಡಿಸೆಂಬರ್‌ನಲ್ಲಿ ಲಾಹೋರ್‌ನಲ್ಲಿ ಆಸ್ಪತ್ರೆ ಶುರುವಾಯಿತು.

1996ರ ಏಪ್ರಿಲ್‌ನಲ್ಲಿ ಅಲ್ಲೇ ಬಾಂಬ್ ಸಿಡಿದು ಜನ ಸತ್ತರು. ಅದೇ ತಿಂಗಳ ಕೊನೆಗೆ ತೆಹ್ರೀಕ್-ಎ-ಇನ್ಸಾಫ್ ಪಕ್ಷ ಹುಟ್ಟಿತು. ಒಂದು ಆಸ್ಪತ್ರೆ ಎಷ್ಟು ಜನರನ್ನು ನೋಡೀತು? ಬಾಗಿಲಿಂದ ವಾಪಸ್ ಹೋಗುವವರ ಹೊಣೆ ಸರಕಾರದ್ದು. ಇಷ್ಟು ಕಂಡ ಮೇಲೂ ರಾಜಕೀಯ ನನಗೆ ಬೇಡ ಎಂದು ಕೂತಿದ್ದರೆ ನನಗೆ ಅವರ ಮೇಲೆ ಗೌರವ ಕಡಿಮೆಯಾಗುತ್ತಿತ್ತು.

ನನ್ನ ತಕರಾರು ಬೇರೆ. ತವರಿನ ಅಂಪೈರ್‌ಗಳ ಮೇಲೆ ಎಲ್ಲರಿಗೂ ಅನುಮಾನವಿದ್ದ ಕಾಲದಲ್ಲಿ ತಟಸ್ಥ ಅಂಪೈರ್‌ಗಳೇ ಬೇಕೆಂದು ಹಟ ಹಿಡಿದ ನಾಯಕ ಇಮ್ರಾನ್. 1986ರಲ್ಲಿ ವೆಸ್ಟ್ ಇಂಡೀಸ್ ಲಾಹೋರ್‌ಗೆ ಬಂದಾಗ ನಿಂತವರು ಭಾರತದ ವಿ.ಕೆ. ರಾಮಸ್ವಾಮಿ ಮತ್ತು ಪಿಲೂ ರಿಪೋರ್ಟರ್. ಸ್ವಂತ ನೆಲದಲ್ಲಿ, ಭಾರತದವರನ್ನು! (ಮರುವರ್ಷ ನಮ್ಮ ಚಿನ್ನಸ್ವಾಮಿಯಲ್ಲಿ ಗಾವಸ್ಕರ್ 96 ಹೊಡೆದರೂ 16 ರನ್‌ಗಳಿಂದ ಗೆದ್ದುಹೋದದ್ದು ಇದೇ ನಾಯಕನ ತಂಡ. ಆ ಸೋಲಿನ ಸಂಕಟ ಬೆಂಗಳೂರಿಗೆ ಇನ್ನೂ ಇದೆ.)

ಅಂಥವರು 2014ರಲ್ಲಿ ಸರಕಾರದ ವಿರುದ್ಧ ಇಸ್ಲಾಮಾಬಾದಿನಲ್ಲಿ ನಡೆಸಿದ ಧರಣಿಯಲ್ಲಿ, ಅಂಪೈರ್ ಬೆರಳೆತ್ತುತ್ತಾನೆ, ಸರಕಾರ ಔಟಾಗುತ್ತದೆ ಎಂದು ಬೆಂಬಲಿಗರಿಗೆ ಭರವಸೆ ಕೊಟ್ಟರು. ಆ ಅಂಪೈರ್ ಸೇನೆಯೆಂದೇ ಪಾಕಿಸ್ತಾನದಲ್ಲಿ ಬಹಳ ಜನ ಅರ್ಥ ಮಾಡಿಕೊಂಡರು. 2018ರಲ್ಲಿ ಸೇನೆಯ ಒತ್ತಾಸೆಯಿಂದಲೇ ಪ್ರಧಾನಿಯಾದರೆಂದು ವಿರೋಧಿಗಳು ದೂರಿದರು. ಅವರ ಆಳ್ವಿಕೆಯಲ್ಲಿ ಆ ವಿರೋಧಿಗಳೇ ಜೈಲು ಕಂಡರು. 2022ರ ಏಪ್ರಿಲ್‌ನಲ್ಲಿ ಅವಿಶ್ವಾಸ ಮತಕ್ಕೆ ಸೋತು ಇಳಿದರು. 2023ರ ಆಗಸ್ಟ್‌ನಲ್ಲಿ ಅವರೂ ಜೈಲು ಸೇರಿದರು.

ರಾಜಕೀಯಕ್ಕೆ ಬಂದದ್ದು ಸರಿ. ಲಾಹೋರ್‌ನ ಮೈದಾನದಲ್ಲಿ ತೋರಿದ ಹಟವನ್ನು ಅಲ್ಲಿಗೂ ಒಯ್ಯಬೇಕಿತ್ತು ಎಂಬುದಷ್ಟೇ ನನ್ನ ನೋವು. ಈಗ ಅವರ ಮೇಲಿರುವ ಮೊಕದ್ದಮೆಗಳಿಗಾದರೂ ಯಾರ ಕಡೆಗೂ ವಾಲದ ನ್ಯಾಯಾಧೀಶರು ಸಿಗಲಿ ಎಂದು ಮನಸಾರೆ ಬಯಸುತ್ತೇನೆ.