ಟರ್ನರನ ಸಂಜೆ ದುಡಿಮೆ

ಈ ವಾರ ಓದಿದ ಒಂದು ಪುಟ್ಟ ಪ್ರಸಂಗ ನನ್ನ ತಲೆ ಬಿಟ್ಟು ಹೋಗುತ್ತಲೇ ಇಲ್ಲ. 1840ರ ವೆನಿಸ್. ವಿಲಿಯಂ ಕ್ಯಾಲೊ ಎಂಬ ಇಪ್ಪತ್ತೆಂಟರ ಇಂಗ್ಲಿಷ್ ಚಿತ್ರಕಾರ ಸಂಜೆ ಅಲ್ಲಿನ ಉದ್ದನೆಯ ದೋಣಿ ಗೊಂಡೊಲಾದಲ್ಲಿ ಕೂತು ಹಾಯಾಗಿ ಚುರುಟು ಸೇದುತ್ತಿದ್ದಾನೆ. ಇನ್ನೊಂದು ಗೊಂಡೊಲಾದಲ್ಲಿ ಇಂಗ್ಲೆಂಡಿನ ಹೆಸರಾಂತ ಚಿತ್ರಕಾರ ಟರ್ನರ್, ವಯಸ್ಸು ಅರವತ್ತೈದು. ಇಳಿಬಿಸಿಲಿಗೆ ಝಗಝಗಿಸುತ್ತಿದ್ದ ಸ್ಯಾನ್ ಜಾರ್ಜಿಯೊ ಚರ್ಚಿನ ಸ್ಕೆಚ್ ಮಾಡಿಕೊಳ್ಳುತ್ತಿದ್ದಾನೆ. ಅಷ್ಟು ಹೊತ್ತಾದರೂ ದುಡಿಯುತ್ತಿದ್ದ ಅವನನ್ನು ಕಂಡು, ಸುಮ್ಮನೆ ಕಾಲ ಕಳೆಯುತ್ತಿದ್ದ ತನಗೆ ನಾಚಿಕೆಯಾಯಿತು ಎಂದು ಕ್ಯಾಲೊ ನೆನಪಿಸಿಕೊಳ್ಳುತ್ತಾನೆ. ಇಬ್ಬರೂ ಇಳಿದುಕೊಂಡಿದ್ದು ಒಂದೇ ಹೋಟೆಲು, ಯುರೋಪಾ. ಊಟಕ್ಕೆ ಎದುರುಬದುರು ಕೂರುತ್ತಿದ್ದರಂತೆ. ಯಾರೂ ಕೇಳದೆ ತನ್ನ ನಾಚಿಕೆಯನ್ನು ಬರೆದಿಟ್ಟ ಕ್ಯಾಲೊ ನನಗೆ ಬಹಳ ಹಿಡಿಸಿದ.

ಜೊತೆಯಲ್ಲಿ ಚಿತ್ರ ಬರೆಯುವ ಗೆಳೆಯನಿಗೆ ಫೋನಿನಲ್ಲಿ ಇದನ್ನೇ ಹೇಳಿದೆ. "ಊರು ನೋಡೋಕೆ ಹೋದವನು ಊರು ನೋಡಬೇಕಪ್ಪ. ಆ ವಯಸ್ಸಲ್ಲೂ ದುಡ್ಡಿನ ಚಿಂತೆಯೇ?" ಎಂದ. ಒಳ್ಳೆಯ ಮನುಷ್ಯ, ಆದರೆ ಎಲ್ಲದಕ್ಕೂ ಬೇಗ ಬೆಲೆ ಕಟ್ಟಿಬಿಡುತ್ತಾನೆ. ಆ ಮಾತು ನನಗೆ ನಿಜಕ್ಕೂ ನೋವು ಕೊಟ್ಟಿತು.

ಟರ್ನರ್ ವೆನಿಸ್ಸಿಗೆ ಹೋದದ್ದು ಮೂರೇ ಸಲ: 1819, 1833, 1840. ಎಲ್ಲ ಸೇರಿಸಿದರೂ ಅಲ್ಲಿದ್ದದ್ದು ನಾಲ್ಕು ವಾರಕ್ಕಿಂತ ಕಡಿಮೆ. ಮೊದಲ ಸಲ ಪೆನ್ಸಿಲ್ ಸ್ಕೆಚ್ಚುಗಳ ರಾಶಿಯನ್ನೇ ತಂದ, ಜಲವರ್ಣ ಬೆರಳೆಣಿಕೆಯಷ್ಟು. ವೆನಿಸ್ಸಿನ ತೈಲಚಿತ್ರವನ್ನು ಜನರ ಮುಂದಿಟ್ಟದ್ದು ಹದಿನಾಲ್ಕು ವರ್ಷದ ಮೇಲೆ. ಆ ಚಿತ್ರದ ಮೂಲೆಯಲ್ಲಿ ಹಳೆಯ ವೆನಿಸ್ ಚಿತ್ರಕಾರ ಕೆನಲೆಟ್ಟೊ ಕ್ಯಾನ್ವಾಸಿನೆದುರು ನಿಂತು ಕೆಲಸ ಮಾಡುತ್ತಿದ್ದಾನೆ! ಹಿರಿಯನಿಗೆ ಹೀಗೆ ಕೈಮುಗಿದು ಶುರುಮಾಡಿದವನು 1846ರವರೆಗೂ ವೆನಿಸ್ಸನ್ನು ಚಿತ್ರಿಸುವುದು ಬಿಡಲಿಲ್ಲ.

ಕೊನೆಯ ಭೇಟಿಯ ಜಲವರ್ಣಗಳಲ್ಲಿ ಅರಮನೆಗಳು ಗೋಡೆಯ ಭಾರ ಕಳೆದುಕೊಂಡು ಬರೀ ಬೆಳಕಾಗಿವೆ. ಮುದುಕನ ಕಣ್ಣು ಮಂಜಾಗಿತ್ತು ಎಂಬ ವಿವರಣೆಯನ್ನು ನಾನು ಒಪ್ಪುವುದಿಲ್ಲ. ಸಾವಿರ ವರ್ಷಕ್ಕೂ ಮಿಕ್ಕಿ ಬಾಳಿದ ವೆನಿಸ್ ಗಣರಾಜ್ಯ 1797ರಲ್ಲಿ ನೆಪೋಲಿಯನ್ನನ ಮುಂದೆ ಮುಗಿದುಹೋಗಿತ್ತು. ಟರ್ನರ್ ಕಂಡದ್ದು ಆಸ್ಟ್ರಿಯಾದ ಕೈಕೆಳಗಿನ ಊರು. ಅಧಿಕಾರ ಹೋಗಿತ್ತು, ನೀರು ಮತ್ತು ಬೆಳಕು ಉಳಿದಿದ್ದವು. ಉಳಿದದ್ದನ್ನೇ ಅವನು ಬರೆದ.

ಗೆಳೆಯನ ದುಡ್ಡಿನ ಮಾತಿಗೆ ಉತ್ತರವೂ ಅಲ್ಲೇ ಇದೆ. ಆ ಜಲವರ್ಣಗಳಲ್ಲಿ ಹೆಚ್ಚಿನವನ್ನು ಟರ್ನರ್ ಮಾರಲಿಲ್ಲ, ತೋರಿಸಲೂ ಇಲ್ಲ. 1851ರಲ್ಲಿ ತೀರಿಕೊಂಡಾಗ ಅವು ಅವನ ಬಳಿಯೇ ಇದ್ದವು. ಇವತ್ತು ಲಂಡನ್ನಿನ ಕಲಾಸಂಗ್ರಹಾಲಯ ಟೇಟ್‌ನಲ್ಲಿ ಇವೆ.